ಪ್ರೋಗ್ರಾಂ ನಿಲ್ಲಿಸದೆ ಸೆಟಿಂಗ್ ಬದಲಿಸುವುದು ಹೇಗೆ: ಗಂಜ್‌ನ ಬಿಲ್ಲಿಂಗ್ ಪ್ರೋಗ್ರಾಂ ಇಟ್ಟುಕೊಂಡು ಸಮಗ್ರ ಮಾರ್ಗದರ್ಶಿ

ಜನವರಿ ಬಂತೆಂದರೆ ಕಲಬುರಗಿಯ ಗಂಜ್‌ಗೆ, ಅಂದರೆ ಕೃಷಿ ಮಾರುಕಟ್ಟೆಗೆ, ತೊಗರಿ ಬರಲು ಶುರು. ಆಳಂದ, ಸೇಡಂ, ಚಿಂಚೋಳಿ, ಜೇವರ್ಗಿ ಕಡೆಯ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಇಂಥ ಹೊತ್ತಿನಲ್ಲಿ ಅಡತಿ (ಕಮಿಷನ್ ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರು ಫೋನ್ ಮಾಡಿ, "ಹಮಾಲಿ ರೇಟ್ ಇವತ್ತಿಂದ ಹೆಚ್ಚಾಗ್ಯಾದ್ರಿ, ಬಿಲ್ಲಿನಾಗ ಹಳೇದೇ ಬರ್ಲಾಕತ್ತದ" ಅಂದರೆ ನಾವು ಏನು ಹೇಳಬೇಕು? "ಪ್ರೋಗ್ರಾಂ ಮುಚ್ಚಿ ತೆಗೀರಿ" ಅನ್ನುವುದು ಸರಿಯಾದ ಉತ್ತರವಲ್ಲ. ಕಾಟಾದ (ತೂಕದ ಯಂತ್ರದ) ಮೇಲೆ ಚೀಲ ಇದೆ. ತೆರೆಯಲ್ಲಿ ಅರ್ಧ ತುಂಬಿದ ಬಿಲ್ ಇದೆ. ಎದುರಿಗೆ ರೈತ ನಿಂತಿದ್ದಾರೆ.

ಊರಲ್ಲೇ ಉಳಿದು ಅಂಗಡಿ, ದಾಲ್ ಮಿಲ್, ಗೋದಾಮುಗಳಿಗೆ ಪ್ರೋಗ್ರಾಂ ಬರೆಯುವ ಹುಡುಗ ಹುಡುಗಿಯರು ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಬೇಕಾದಷ್ಟು ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಿವರಣೆಗೆ ಪೈಥಾನ್ 3 ಇಟ್ಟುಕೊಂಡಿದ್ದೇನೆ. ಡಾಟ್‌ನೆಟ್ ಬಳಸುವವರಿಗೆ ಕೊನೆಯ ಕಡೆ ಬೇರೆ ಭಾಗ ಇದೆ. ಆದರೆ ವಿಚಾರ ಯಾವ ಭಾಷೆಗಾದರೂ ಒಂದೇ.

ಮೊದಲೇ ಒಂದು ಮಾತು. ಫೈಲನ್ನು ಮತ್ತೆ ಓದುವುದು ಕಷ್ಟದ ಕೆಲಸವಲ್ಲ, ಹತ್ತು ಸಾಲಿನಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಇನ್ನೊಂದು ಕಡೆ: ಹೊಸ ಸೆಟಿಂಗ್ ಬಂದಾಗ ಆಗಲೇ ಶುರುವಾಗಿರುವ ಬಿಲ್ ಏನಾಗಬೇಕು? ಯಾವ ಸೆಟಿಂಗ್ ಹಿಡಿದು ಬಿಲ್ ಶುರುವಾಯಿತೋ ಅದರಲ್ಲೇ ಮುಗಿಯಬೇಕು. ಮೊದಲ ಹತ್ತು ಚೀಲಕ್ಕೆ ಒಂದು ಹಮಾಲಿ (ಚೀಲ ಹೊರುವ ಕೂಲಿ), ಉಳಿದ ಚೀಲಕ್ಕೆ ಇನ್ನೊಂದು ಹಮಾಲಿ ಅಂತ ಆದರೆ ಆ ಲೆಕ್ಕ ಯಾರಿಗೂ ತಾಳೆಯಾಗುವುದಿಲ್ಲ. ಕೆಳಗಿನ ಎಲ್ಲ ಹೆಜ್ಜೆಗಳೂ ಇದೊಂದನ್ನು ಕಾಪಾಡುವುದಕ್ಕೇ ಇವೆ.

ಹೆಜ್ಜೆ 1: ಯಾವುದು ಸೆಟಿಂಗ್, ಯಾವುದು ಅಲ್ಲ

ಕೋಡ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಂಡು ಪ್ರೋಗ್ರಾಂನಲ್ಲಿ ಬದಲಾಗುವ ಎಲ್ಲ ಸಂಖ್ಯೆ, ಹೆಸರುಗಳನ್ನು ಬರೆಯಿರಿ. ಆಮೇಲೆ ಅವನ್ನು ಬೇರೆ ಬೇರೆ ಮಾಡಿ.

ತೊಗರಿಯ ದರ ಸೆಟಿಂಗ್ ಅಲ್ಲ. ಪ್ರತಿ ಲಾಟಿಗೂ, ಅಂದರೆ ಒಂದೊಂದು ರಾಶಿಗೂ, ಅದು ಬೇರೆ. ಅದು ಬಿಲ್ಲಿನ ಮಾಹಿತಿ, ಬಿಲ್ಲಿನ ಜೊತೆಗೇ ಇರಬೇಕು. ತುಂಬಾ ಜನ "ಇವತ್ತಿನ ದರ" ಅಂತ ಒಂದನ್ನು ಸೆಟಿಂಗ್ ಫೈಲಿನಲ್ಲಿ ಇಡುತ್ತಾರೆ. ಹಾಗೆ ಮಾಡಬೇಡಿ.

ಚೀಲಕ್ಕೆ ಹಮಾಲಿ ಎಷ್ಟು, ಖಾಲಿ ಚೀಲದ ತೂಕ ಎಷ್ಟು ಕಳೆಯಬೇಕು, ತೇವಾಂಶದ ಮಿತಿ ಎಷ್ಟು, ಬಿಲ್ ಎಷ್ಟು ಪ್ರತಿ ಪ್ರಿಂಟ್ ಆಗಬೇಕು, ಮೇಲ್ಗಡೆ ಅಂಗಡಿಯ ಹೆಸರು ವಿಳಾಸ ಏನು, ಇವೆಲ್ಲ ಸೆಟಿಂಗ್. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಊರಿನ ಹೆಸರನ್ನು ಫೈಲಿನಲ್ಲಿ ಇಟ್ಟುಕೊಂಡಿದ್ದರೆ ಇಂಥ ಬದಲಾವಣೆ ಒಂದು ಸಾಲಿನ ಕೆಲಸ. ಕೋಡಿನ ಒಳಗೇ ಬರೆದಿಟ್ಟಿದ್ದರೆ ಪ್ರೋಗ್ರಾಂ ಬದಲಿಸಿ ಒಂದೊಂದು ಅಂಗಡಿಗೂ ಹೋಗಿ ಹಾಕಬೇಕು.

ಮೂರನೇ ಬಗೆಯದು ತಾರೀಕಿನ ಜೊತೆ ಬದಲಾಗುವಂಥದ್ದು. ತೊಗರಿಯ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲ್‌ಗೆ 7,550 ರೂಪಾಯಿ, 2025-26ರಲ್ಲಿ 8,000 ರೂಪಾಯಿ. ಖರೀದಿ ಕೇಂದ್ರಕ್ಕೆ ಪ್ರೋಗ್ರಾಂ ಬರೆಯುವವರು ಇದನ್ನು ಒಂದೇ ಸಂಖ್ಯೆಯಾಗಿ ಇಟ್ಟು, ಪ್ರತಿ ವರ್ಷ ತಿದ್ದುತ್ತಾ ಹೋದರೆ ಹಳೆಯ ಬಿಲ್ ತೆರೆದಾಗ ಹೊಸ ಬೆಲೆ ಕಾಣುತ್ತದೆ. ಇಂಥದ್ದನ್ನು "ಯಾವ ಹಂಗಾಮಿಗೆ, ಎಷ್ಟು" ಅಂತ ಡೇಟಾಬೇಸಿನ ಟೇಬಲ್‌ನಲ್ಲಿ ಇಡಿ. ಹಳೆಯ ಸಾಲು ಅಳಿಸಬೇಡಿ, ಹೊಸ ಸಾಲು ಸೇರಿಸಿ.

ಇನ್ನು ಪಾಸ್‌ವರ್ಡ್. ಮುನೀಮರು ತೆರೆದು ತಿದ್ದುವ ಫೈಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಇರಬಾರದು, ಅಷ್ಟೇ.

ಹೆಜ್ಜೆ 2: ಫೈಲ್ ಎಲ್ಲಿರಬೇಕು, ಹೇಗಿರಬೇಕು

ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಸೆಟಿಂಗ್ ಫೈಲ್ ಇಡಬೇಡಿ. ಸಾಮಾನ್ಯ ಯೂಸರ್‌ಗೆ ಅಲ್ಲಿ ಬರೆಯುವ ಅನುಮತಿ ಇರುವುದಿಲ್ಲ. ಹಳೆಯ 32 ಬಿಟ್ ಪ್ರೋಗ್ರಾಂ ಆದರೆ ಇನ್ನೂ ಗೊಂದಲ: ವಿಂಡೋಸ್ ಸದ್ದಿಲ್ಲದೆ ಆ ಬರಹವನ್ನು ವರ್ಚುವಲ್‌ಸ್ಟೋರ್ ಅನ್ನುವ ಬೇರೆ ಫೋಲ್ಡರಿಗೆ ಕಳಿಸಬಹುದು. ಆಗ ನೀವು ನೋಡುವ ಫೈಲೇ ಬೇರೆ, ಪ್ರೋಗ್ರಾಂ ಓದುವ ಫೈಲೇ ಬೇರೆ.

ಆ ಕಂಪ್ಯೂಟರಿನ ಎಲ್ಲರಿಗೂ ಒಂದೇ ಸೆಟಿಂಗ್ ಬೇಕಾದರೆ ಪ್ರೋಗ್ರಾಂಡೇಟಾ ಫೋಲ್ಡರ್. ಒಬ್ಬೊಬ್ಬರಿಗೂ ಬೇರೆ ಬೇಕಾದರೆ ಆಪ್‌ಡೇಟಾ. ಒಂದು ಎಚ್ಚರಿಕೆ: ಪ್ರೋಗ್ರಾಂಡೇಟಾದಲ್ಲಿ ಒಬ್ಬರು ಮಾಡಿದ ಫೈಲನ್ನು ಇನ್ನೊಬ್ಬ ಸಾಮಾನ್ಯ ಯೂಸರ್ ಓದಬಹುದು, ಆದರೆ ತಿದ್ದಲು ಆಗುವುದಿಲ್ಲ. ಇನ್‌ಸ್ಟಾಲ್ ಮಾಡುವಾಗಲೇ ಆ ಫೋಲ್ಡರಿಗೆ ಬೇಕಾದ ಅನುಮತಿ ಕೊಟ್ಟುಬಿಡಿ.

ಫೈಲಿನ ರೂಪಕ್ಕೆ ಐಎನ್ಐ, ಜೇಸನ್, ಟಾಮ್ಲ್ ಅಂತ ಹಲವು ಬಗೆ ಇವೆ. ನಾನು ಐಎನ್ಐ ಆರಿಸುತ್ತೇನೆ. ಜೇಸನ್‌ನಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಇಡೀ ಫೈಲ್ ಕೆಡುತ್ತದೆ, ಟಿಪ್ಪಣಿ ಬರೆಯಲೂ ಜಾಗ ಇಲ್ಲ. ಟಾಮ್ಲ್ ಚೆನ್ನಾಗಿದೆ, ಆದರೆ ಕನ್ನಡದ ಹೆಸರುಗಳನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಪೈಥಾನ್‌ನ ಜೊತೆಗೇ ಬರುವ ಟಾಮ್ಲ್‌ಲಿಬ್ ಓದುತ್ತದೆ ಮಾತ್ರ, ಬರೆಯುವುದಿಲ್ಲ. ಫೈಲ್ ತಿದ್ದುವವರು ಮುನೀಮರು ಅಂದಮೇಲೆ ಅದು ಅವರಿಗೆ ಓದಲು ಬರುವ ಹಾಗೆ ಇರಬೇಕು. ಸೆಟಿಂಗ್‌ನ ಹೆಸರುಗಳೂ ಕನ್ನಡದಲ್ಲೇ ಇರಲಿ. ಕೆಳಗಿನ ಸಂಖ್ಯೆಗಳು ಬರೀ ಉದಾಹರಣೆಗೆ:

[ಬಿಲ್]
; ಪ್ರತಿ ಚೀಲಕ್ಕೆ, ರೂಪಾಯಿಯಲ್ಲಿ
ಹಮಾಲಿ = 12
; ಗ್ರಾಂ ಲೆಕ್ಕದಲ್ಲಿ
ಖಾಲಿ_ಚೀಲ = 600
ತೇವಾಂಶ_ಮಿತಿ = 12

[ಪ್ರಿಂಟ್]
ಅಂಗಡಿ = ನಮ್ಮ ಅಡತಿ ಅಂಗಡಿ, ಗಂಜ್, ಕಲಬುರಗಿ
ಪ್ರತಿಗಳು = 2
ತೂಕಪಟ್ಟಿ_ಬೇಕೇ = ಹೌದು

[ಕಾಟಾ]
ಪೋರ್ಟ್ = 3
ವೇಗ = 9600

ಟಿಪ್ಪಣಿ ಯಾವಾಗಲೂ ಬೇರೆ ಸಾಲಿನಲ್ಲೇ ಇರಲಿ. "ಹಮಾಲಿ = 12 ; ಚೀಲಕ್ಕೆ" ಅಂತ ಒಂದೇ ಸಾಲಿನಲ್ಲಿ ಬರೆದರೆ ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ಆ ಟಿಪ್ಪಣಿಯನ್ನೂ ಬೆಲೆಯ (ವ್ಯಾಲ್ಯೂ, ಅಂದರೆ = ಚಿಹ್ನೆಯ ಬಲಗಡೆ ಇರುವುದರ) ಭಾಗ ಅಂತಲೇ ತಿಳಿಯುತ್ತದೆ.

ಹೆಜ್ಜೆ 3: ಓದುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕನ್ನಡದ ಫೈಲ್ ಅಂದಾಗ ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗದ ತೊಂದರೆಗಳು ಬರುತ್ತವೆ.

ಮೊದಲನೆಯದು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆಯುವ ರೀತಿ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಹೇಳದೆ ಬಿಟ್ಟರೆ ವಿಂಡೋಸ್‌ನಲ್ಲಿ ಪೈಥಾನ್ ಸಾಮಾನ್ಯವಾಗಿ ಸಿಸ್ಟಮ್‌ನ ಕೋಡ್ ಪೇಜ್ ಹಿಡಿಯುತ್ತದೆ, ಕನ್ನಡ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಯುಟಿಎಫ್-8 ಅಂತ ಹೇಳಿದರೂ ಸಾಲದು. ನೋಟ್‌ಪ್ಯಾಡ್‌ನಲ್ಲಿ ಬಿಓಎಂ ಸಹಿತ ಸೇವ್ ಮಾಡಿದ್ದರೆ ಮೊದಲ ಸಾಲಿನ ಮುಂದೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಆಗ [ಬಿಲ್] ಅನ್ನುವ ಮೊದಲ ಸಾಲು ವಿಭಾಗದ ಹೆಸರು ಅಂತ ಪಾರ್ಸರ್‌ಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಎನ್‌ಕೋಡಿಂಗ್ ಜಾಗದಲ್ಲಿ "ಯುಟಿಎಫ್-8-ಸಿಗ್" (utf-8-sig) ಕೊಡಿ. ಬಿಓಎಂ ಇದ್ದರೆ ತೆಗೆದುಹಾಕುತ್ತದೆ, ಇಲ್ಲದಿದ್ದರೆ ಸುಮ್ನೆ ಓದುತ್ತದೆ.

ಎರಡನೆಯದು ಒಂದೇ ರೀತಿ ಕಾಣುವ, ಆದರೆ ಒಂದೇ ಅಲ್ಲದ ಅಕ್ಷರಗಳು. "ಪೋರ್ಟ್" ಪದದ "ೋ" ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. "ೀ", "ೇ" ಕೂಡ ಹಾಗೆಯೇ. ತೆರೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಪ್ರೋಗ್ರಾಂಗೆ ಮಾತ್ರ ಅವು ಎರಡು ಬೇರೆ ಪದಗಳು, "ಪೋರ್ಟ್ ಅನ್ನುವ ಸೆಟಿಂಗ್ ಇಲ್ಲ" ಅನ್ನುತ್ತದೆ. ಪರಿಹಾರ ಸುಲಭ. ಫೈಲನ್ನು ನೇರವಾಗಿ ಪಾರ್ಸರ್‌ಗೆ ಕೊಡಬೇಡಿ. ಮೊದಲು ಇಡೀ ಬರಹವನ್ನು ಒಂದು ಸ್ಟ್ರಿಂಗ್ ಆಗಿ ಓದಿ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಬಳಸಿ ಎನ್ಎಫ್‌ಸಿ ರೂಪಕ್ಕೆ, ಅಂದರೆ ಜೋಡಿಸಿದ ಒಂದೇ ಸಂಕೇತದ ರೂಪಕ್ಕೆ, ತನ್ನಿ. ಆಮೇಲೆ ಪಾರ್ಸರ್‌ನ ರೀಡ್_ಸ್ಟ್ರಿಂಗ್‌ಗೆ ಕೊಡಿ.

ಇದರ ಜೊತೆಗೆ ಕಾಣದ ಜೋಡಕಗಳೂ ಇವೆ. ಅರ್ಧಾಕ್ಷರ ಬಿಡಿಸಿ ತೋರಿಸಲು ಕೀಬೋರ್ಡುಗಳು ಸೇರಿಸುವ ಈ ಚಿಹ್ನೆಗಳನ್ನು ಎನ್ಎಫ್‌ಸಿ ತೆಗೆಯುವುದಿಲ್ಲ. ಎಲ್ಲ ಕಡೆಯಿಂದ ತೆಗೆಯಲೂಬಾರದು, ಅಂಗಡಿಯ ಹೆಸರು ಸರಿಯಾಗಿ ಪ್ರಿಂಟ್ ಆಗಲು ಅವು ಬೇಕು. ಸೆಟಿಂಗ್‌ನ ಹೆಸರುಗಳಿಂದ ಮಾತ್ರ ತೆಗೆಯಿರಿ. ಪಾರ್ಸರ್‌ನ ಆಪ್ಷನ್‌ಎಕ್ಸ್‌ಫಾರ್ಮ್ ಅನ್ನುವ ಕಡೆ ನಿಮ್ಮದೇ ಫಂಕ್ಷನ್ ಇಟ್ಟರೆ ಪ್ರತಿ ಹೆಸರೂ ಅದರ ಮೂಲಕವೇ ಹಾದು ಬರುತ್ತದೆ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರು ಇನ್ನೂ ಜಾಸ್ತಿ ಇದ್ದಾರೆ. ಯೂನಿಕೋಡ್ ಆರಿಸದೆ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಫೈಲಿನಲ್ಲಿ ಕನ್ನಡವೇ ಇರುವುದಿಲ್ಲ, ಇಂಗ್ಲಿಷ್ ಅಕ್ಷರಗಳ ರಾಶಿ ಇರುತ್ತದೆ. ಓದಿದ ಫೈಲಿನಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲದಿದ್ದರೆ "ಯೂನಿಕೋಡ್‌ನಲ್ಲಿ ಟೈಪ್ ಮಾಡಿ" ಅಂತ ನೇರವಾಗಿ ಹೇಳಿ.

ಒಂದು ಸಮಾಧಾನದ ಸಂಗತಿಯೂ ಇದೆ. ಯಾರಾದರೂ 12ರ ಬದಲು ೧೨ ಅಂತ ಬರೆದರೆ ಪೈಥಾನ್‌ಗೆ ತೊಂದರೆ ಇಲ್ಲ. ಅದರ ಇಂಟ್, ಫ್ಲೋಟ್, ಡೆಸಿಮಲ್ ಮೂರೂ ಕನ್ನಡದ ಅಂಕಿಗಳನ್ನು ಒಪ್ಪುತ್ತವೆ.

ಮೂರನೆಯದು ಶೇಕಡಾ ಚಿಹ್ನೆ. ಕಾನ್ಫಿಗ್‌ಪಾರ್ಸರ್‌ಗೆ ಅದು ವಿಶೇಷ ಅರ್ಥದ ಚಿಹ್ನೆ. ಮುನೀಮರು ತೇವಾಂಶದ ಮಿತಿಗೆ "12%" ಅಂತ ಬರೆದರೆ ದೋಷ ಬರುತ್ತದೆ. ಅದೂ ಫೈಲ್ ಓದುವಾಗ ಅಲ್ಲ, ಆ ಬೆಲೆಯನ್ನು ಕೇಳಿದಾಗ, ಅಂದರೆ ಬಿಲ್ ಮಾಡುವ ಹೊತ್ತಿಗೆ. ಪಾರ್ಸರ್ ಮಾಡುವಾಗಲೇ ಇಂಟರ್‌ಪೊಲೇಷನ್ (ಆ ಚಿಹ್ನೆಗೆ ವಿಶೇಷ ಅರ್ಥ ಕೊಡುವುದು) ಬೇಡ ಅಂತ ಹೇಳಿಬಿಡಿ.

ಇನ್ನೆರಡು ಚಿಕ್ಕ ವಿಷಯ. ಕಾನ್ಫಿಗ್‌ಪಾರ್ಸರ್‌ನ ರೀಡ್ ಫಂಕ್ಷನ್, ಫೈಲ್ ಇಲ್ಲದಿದ್ದರೂ ಸದ್ದು ಮಾಡುವುದಿಲ್ಲ, ಖಾಲಿ ಪಟ್ಟಿ ಹಿಂದಿರುಗಿಸುತ್ತದೆ. ಮೇಲೆ ಹೇಳಿದ ಹಾಗೆ ಫೈಲನ್ನು ನೀವೇ ತೆರೆದರೆ ಈ ತೊಂದರೆ ಇಲ್ಲ. ಮತ್ತೆ, ಪ್ರತಿ ಸಲ ಓದುವಾಗ ಹೊಸ ಪಾರ್ಸರ್ ಮಾಡಿ. ಹಳೆಯದರಲ್ಲೇ ಮತ್ತೆ ಓದಿದರೆ, ಫೈಲಿನಿಂದ ಅಳಿಸಿದ ಸಾಲುಗಳು ಪಾರ್ಸರ್‌ನಲ್ಲಿ ಹಾಗೇ ಉಳಿದಿರುತ್ತವೆ.

ಹೆಜ್ಜೆ 4: ಪರೀಕ್ಷಿಸಿ, ಗಟ್ಟಿ ಮಾಡುವುದು

ಪಾರ್ಸರ್ ಕೊಡುವುದೆಲ್ಲ ಬರೀ ಪಠ್ಯ. ಅದನ್ನು ಪ್ರೋಗ್ರಾಂನ ಎಲ್ಲ ಕಡೆ ಹರಡಬೇಡಿ. ಫ್ರೋಝನ್ ಡೇಟಾಕ್ಲಾಸ್ ಒಂದನ್ನು ಮಾಡಿ. ಒಂದು ಸಲ ಕಟ್ಟಿದ ಮೇಲೆ ಅದರ ಒಳಗಿನ ಬೆಲೆಗಳನ್ನು ತಿದ್ದಲು ಆಗುವುದಿಲ್ಲ. ಆ ಕಟ್ಟುನಿಟ್ಟೇ ನಮಗೆ ಬೇಕಾದದ್ದು.

ಆ ಡೇಟಾಕ್ಲಾಸ್‌ನ ವಸ್ತು (ಆಬ್ಜೆಕ್ಟ್) ಕಟ್ಟುವ ಫಂಕ್ಷನ್ ಎಲ್ಲ ಬೆಲೆಗಳನ್ನೂ ಅಲ್ಲೇ ಪಠ್ಯದಿಂದ ಬೇಕಾದ ಬಗೆಗೆ ಬದಲಿಸಿ, ಅಲ್ಲೇ ಪರೀಕ್ಷಿಸಲಿ. ರೂಪಾಯಿಗೆ ಫ್ಲೋಟ್ ಬೇಡ, ಡೆಸಿಮಲ್ ಬಳಸಿ. ಹಮಾಲಿ ಸೊನ್ನೆಗಿಂತ ಕಡಿಮೆ ಇರಬಾರದು. ಖಾಲಿ ಚೀಲದ ತೂಕಕ್ಕೆ ಒಂದು ಮಿತಿ ಇರಲಿ. 600 ಬರೆಯುವಲ್ಲಿ 6000 ಬಿದ್ದರೆ ಪ್ರತಿ ಚೀಲಕ್ಕೂ ರೈತರ ಐದು ಕಿಲೋಗಿಂತ ಹೆಚ್ಚು ತೊಗರಿ ಲೆಕ್ಕದಿಂದ ಹೋಗುತ್ತದೆ. ಒಂದು ಸೊನ್ನೆಯ ತಪ್ಪಿಗೆ ಅವರ ಬೆವರಿನ ದುಡ್ಡು ಹೋಗಬಾರದು. ಈ ಪರೀಕ್ಷೆಗೆ ಅರ್ಧ ದಿನ ಜಾಸ್ತಿ ಹಿಡಿದರೂ ಹಿಡಿಯಲಿ.

ಹೌದು, ಇಲ್ಲ ಅನ್ನುವ ಸೆಟಿಂಗ್‌ಗಳಿಗೆ ಪಾರ್ಸರ್‌ನ ಗೆಟ್‌ಬೂಲಿಯನ್ ಇದೆ. ಅದು ಇಂಗ್ಲಿಷ್‌ನ ಯೆಸ್, ನೋ, ಆನ್, ಆಫ್, ಟ್ರೂ, ಫಾಲ್ಸ್ ಮತ್ತು 1, 0 ಮಾತ್ರ ಒಪ್ಪುತ್ತದೆ. ಅದರ ಬೂಲಿಯನ್_ಸ್ಟೇಟ್ಸ್ ಪಟ್ಟಿಗೆ ಹೌದು, ಇಲ್ಲ, ಬೇಕು, ಬೇಡ ಸೇರಿಸಿ.

ಒಂದು ತಪ್ಪು ಸಿಕ್ಕ ತಕ್ಷಣ ನಿಲ್ಲಬೇಡಿ. ಎಲ್ಲ ತಪ್ಪುಗಳನ್ನೂ ಒಟ್ಟು ಮಾಡಿ ಒಂದೇ ಸಲ ತೋರಿಸಿ. "ಬಿಲ್ ಭಾಗದ ಹಮಾಲಿ: '1,2' ಅಂತ ಇದೆ, ಬರೀ ಸಂಖ್ಯೆ ಬೇಕು" ಅನ್ನುವಂಥ ಮಾತು ಮುನೀಮರಿಗೆ ಅರ್ಥವಾಗುತ್ತದೆ. ಪೈಥಾನ್‌ನ ದೋಷದ ಸಾಲು ಅರ್ಥವಾಗುವುದಿಲ್ಲ.

ಹೆಜ್ಜೆ 5: ಹಳೆಯದನ್ನು ತೆಗೆದು ಹೊಸದನ್ನು ಇಡುವುದು

ಇದೇ ಈ ಕೆಲಸದ ಜೀವಾಳ.

ಪ್ರೋಗ್ರಾಂನಲ್ಲಿ "ಈಗಿನ ಸೆಟಿಂಗ್" ಅನ್ನುವುದು ಒಂದೇ ಕಡೆ ಇರಲಿ. ಅದು ಮೇಲೆ ಕಟ್ಟಿದ ಗಟ್ಟಿ ವಸ್ತುವನ್ನು ತೋರಿಸುವ ಒಂದು ಹೆಸರು ಮಾತ್ರ. ಹೊಸ ಫೈಲ್ ಬಂದಾಗ ಕ್ರಮ ಹೀಗೆ: ಹೊಸದನ್ನು ಪಕ್ಕದಲ್ಲಿ ಪೂರ್ತಿ ಓದಿ, ಪೂರ್ತಿ ಪರೀಕ್ಷಿಸಿ, ಪೂರ್ತಿ ಕಟ್ಟಿ. ಎಲ್ಲ ಸರಿ ಇದ್ದರೆ ಆ ಹೆಸರು ಹೊಸ ವಸ್ತುವನ್ನು ತೋರಿಸುವಂತೆ ಒಂದೇ ಸಾಲಿನಲ್ಲಿ ಬದಲಿಸಿ. ಒಂದು ತಪ್ಪಿದ್ದರೂ ಏನನ್ನೂ ಮುಟ್ಟಬೇಡಿ, ಹಳೆಯದೇ ನಡೆಯಲಿ, ತೆರೆಯ ಮೇಲೆ ಎಚ್ಚರಿಕೆ ತೋರಿಸಿ. ಒಂದೊಂದೇ ಬೆಲೆಯನ್ನು ಜಾಗದಲ್ಲೇ ತಿದ್ದುತ್ತಾ ಹೋದರೆ, ಆ ನಡುವೆ ಇನ್ನೊಂದು ಥ್ರೆಡ್ (ಪ್ರೋಗ್ರಾಂನಲ್ಲಿ ಅದೇ ಹೊತ್ತಿಗೆ ಓಡುವ ಇನ್ನೊಂದು ಕೆಲಸ) ಓದಿದಾಗ ಅರ್ಧ ಹಳೆಯದು, ಅರ್ಧ ಹೊಸದು ಸಿಗುತ್ತದೆ.

ಪೈಥಾನ್‌ನಲ್ಲಿ ಒಂದು ಹೆಸರಿಗೆ ಹೊಸ ವಸ್ತು ಕೊಡುವುದು ಮಧ್ಯದಲ್ಲಿ ತುಂಡಾಗುವುದಿಲ್ಲ. ಹಾಗಾಗಿ ಓದುವ ಕಡೆ ಲಾಕ್ ಬೇಕಿಲ್ಲ. ರೀಲೋಡ್ (ಸೆಟಿಂಗ್ ಮತ್ತೆ ಓದುವ) ಕೆಲಸ ಎರಡು ಕಡೆಯಿಂದ ಒಟ್ಟಿಗೆ ನಡೆಯದಿರಲು ಅಲ್ಲಿ ಮಾತ್ರ ಒಂದು ಲಾಕ್ ಇಡಿ.

ಈಗ ಬಿಲ್ಲಿನ ಕಡೆ. ಬಿಲ್ ಶುರುವಾದ ಕೂಡಲೇ "ಈಗಿನ ಸೆಟಿಂಗ್" ಯಾವುದೋ ಅದನ್ನು ಬಿಲ್ಲಿನ ವಸ್ತುವಿನೊಳಗೇ ಹಿಡಿದಿಟ್ಟುಕೊಳ್ಳಿ. ಆಮೇಲೆ ಲೆಕ್ಕದ ಎಲ್ಲ ಫಂಕ್ಷನ್‌ಗಳೂ ಬಿಲ್ಲಿನ ಸೆಟಿಂಗನ್ನೇ ಕೇಳಬೇಕು, ಪ್ರೋಗ್ರಾಂನ "ಈಗಿನ ಸೆಟಿಂಗ್" ಕಡೆ ನೋಡಲೇಬಾರದು. ನಡುವೆ ಹಮಾಲಿ ಬದಲಾದರೂ ಕಾಟಾದ ಮೇಲಿರುವ ಲಾಟಿನ ಲೆಕ್ಕ ಹಳೆಯದರಲ್ಲೇ ಮುಗಿಯುತ್ತದೆ. ಮುಂದಿನ ಬಿಲ್ ಹೊಸದರಲ್ಲಿ ಶುರುವಾಗುತ್ತದೆ.

ಬಿಲ್ ಸೇವ್ ಮಾಡುವಾಗ ಬಳಸಿದ ಹಮಾಲಿ, ಚೀಲದ ತೂಕ, ತೇವಾಂಶದ ಮಿತಿ ಎಲ್ಲವನ್ನೂ ಬಿಲ್ಲಿನ ಸಾಲಿನಲ್ಲೇ ಬರೆದಿಡಿ. ಆರು ತಿಂಗಳಾದ ಮೇಲೆ ರೈತರೊಬ್ಬರು ಬಂದು "ಈ ಕಡಿತ ಯಾಕೆ?" ಅಂತ ಕೇಳಿದರೆ ಉತ್ತರ ಬಿಲ್ಲಿನಲ್ಲೇ ಇರಬೇಕು.

ಹಾಗಾದರೆ ನಡೆಯುತ್ತಿರುವ ಬಿಲ್ಲಿಗೂ ಹೊಸ ದರ ಬೇಕು ಅಂತ ಸಾವಕಾರರು ಹೇಳಿದರೆ? ಅದಕ್ಕೆ ಬಿಲ್ ತೆರೆಯಲ್ಲಿ "ಹೊಸ ಸೆಟಿಂಗ್‌ನಲ್ಲಿ ಮತ್ತೆ ಲೆಕ್ಕ ಮಾಡು" ಅನ್ನುವ ಬಟನ್ ಕೊಡಿ. ಒತ್ತಿದಾಗ ಇಡೀ ಬಿಲ್ ಮೊದಲಿಂದ ಲೆಕ್ಕವಾಗಲಿ. ಅದನ್ನು ಮನುಷ್ಯರು ತೀರ್ಮಾನ ಮಾಡಬೇಕು, ಪ್ರೋಗ್ರಾಂ ತಾನಾಗಿ ಮಾಡಬಾರದು.

ದೊಡ್ಡ ಸರ್ವರ್‌ಗಳೂ ಇದೇ ದಾರಿ ಹಿಡಿದಿವೆ. ಎಂಜಿನ್‌ಎಕ್ಸ್ ವೆಬ್ ಸರ್ವರ್‌ಗೆ ರೀಲೋಡ್ ಹೇಳಿದರೆ ಮೊದಲು ಹೊಸ ಫೈಲನ್ನು ಪರೀಕ್ಷಿಸುತ್ತದೆ. ತಪ್ಪಿದ್ದರೆ ಹಳೆಯದರಲ್ಲೇ ಮುಂದುವರಿಯುತ್ತದೆ. ಸರಿ ಇದ್ದರೆ ಹೊಸ ವರ್ಕರ್‌ಗಳನ್ನು ಎಬ್ಬಿಸುತ್ತದೆ, ಹಳೆಯ ವರ್ಕರ್‌ಗಳು ಕೈಯಲ್ಲಿದ್ದ ಕೆಲಸ ಮುಗಿಸಿ ಹೋಗುತ್ತವೆ.

ಹೆಜ್ಜೆ 6: ಫೈಲ್ ಬದಲಾಗಿದೆ ಅಂತ ತಿಳಿಯುವುದು

ಅಂಗಡಿಯ ಪ್ರೋಗ್ರಾಂಗೆ ನಾನು ಹೇಳುವ ವಿಧಾನ ತೀರಾ ಸರಳ: ಎರಡು ಮೂರು ಸೆಕೆಂಡಿಗೊಮ್ಮೆ ಫೈಲಿನ ಬದಲಾದ ಸಮಯ ಮತ್ತು ಗಾತ್ರ ನೋಡಿ. ಪೈಥಾನ್‌ನ ಓಎಸ್ ಡಾಟ್ ಸ್ಟ್ಯಾಟ್ ಎರಡನ್ನೂ ಕೊಡುತ್ತದೆ. ಬದಲಾಗಿದ್ದು ಕಂಡರೆ ತಕ್ಷಣ ಓದಬೇಡಿ. ಮುಂದಿನ ಸಲವೂ ಅದೇ ಸಮಯ, ಅದೇ ಗಾತ್ರ ಇದ್ದರೆ ಬರೆಯುವುದು ಮುಗಿದಿದೆ ಅಂತ ಅರ್ಥ, ಆಗ ಓದಿ. ಫೈಲ್ ಕಾಣದಿದ್ದರೆ ಹಳೆಯ ಸೆಟಿಂಗ್‌ನಲ್ಲೇ ಮುಂದುವರಿಯಿರಿ.

ವಾಚ್‌ಡಾಗ್ ಅನ್ನುವ ಲೈಬ್ರರಿ ಇದೆ, ಲಿನಕ್ಸ್‌ನ ಐನೋಟಿಫೈ ಮತ್ತು ವಿಂಡೋಸ್‌ನ ಸೂಚನೆಗಳನ್ನು ಬಳಸಿ ಕೂಡಲೇ ಹೇಳುತ್ತದೆ. ಬಳಸುವುದಾದರೆ ಎರಡು ವಿಷಯ ನೆನಪಿಡಿ. ಒಂದು ಸಲ ಸೇವ್ ಮಾಡಿದರೆ ಹಲವು ಸೂಚನೆ ಬರಬಹುದು. ಮತ್ತೆ, ಎಷ್ಟೋ ಎಡಿಟರ್‌ಗಳು ಹೊಸ ಫೈಲ್ ಬರೆದು ಹಳೆಯದರ ಜಾಗಕ್ಕೆ ತರುತ್ತವೆ, ಆದ್ದರಿಂದ ಫೈಲನ್ನಲ್ಲ, ಅದಿರುವ ಫೋಲ್ಡರನ್ನು ಕಾಯಬೇಕು. ಇನ್ನೊಂದು ಕಂಪ್ಯೂಟರ್ ಹಂಚಿಕೊಂಡ ಫೋಲ್ಡರಿನಲ್ಲಿ ಬದಲಿಸಿದ್ದು ಐನೋಟಿಫೈಗೆ ಗೊತ್ತೇ ಆಗುವುದಿಲ್ಲ. ಸಮಯ ನೋಡುವ ಸರಳ ವಿಧಾನ ಅಲ್ಲೂ ನಡೆಯುತ್ತದೆ.

ಲಿನಕ್ಸ್ ಸರ್ವರ್‌ನಲ್ಲಿ ಸಿಗ್‌ಹಪ್ ಸಿಗ್ನಲ್ ಕಳಿಸಿ ರೀಲೋಡ್ ಮಾಡಿಸುವುದು ಹಳೆಯ ರೂಢಿ. ವಿಂಡೋಸ್‌ನಲ್ಲಿ ಅದು ಇಲ್ಲ, ಮೆನುವಿನಲ್ಲಿ "ಸೆಟಿಂಗ್ ಮತ್ತೆ ಓದು" ಇಡಿ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಈ ಕೆಲಸಕ್ಕೆ ಬರುವುದಿಲ್ಲ. ಪ್ರೋಗ್ರಾಂ ಶುರುವಾಗುವಾಗ ಸಿಕ್ಕ ಪ್ರತಿಯೇ ಅದಕ್ಕೆ ಕೊನೆಯವರೆಗೂ, ಹೊರಗೆ ಏನು ಬದಲಿಸಿದರೂ ಓಡುತ್ತಿರುವ ಪ್ರೋಗ್ರಾಂಗೆ ತಲುಪುವುದಿಲ್ಲ.

ಹೆಜ್ಜೆ 7: ಪ್ರೋಗ್ರಾಂನಿಂದಲೇ ಬರೆಯುವುದು

ಸೆಟಿಂಗ್ ತೆರೆಯೊಂದನ್ನು ಕೊಟ್ಟರೆ ನೋಟ್‌ಪ್ಯಾಡ್‌ನ ಗೊಡವೆಯೇ ಇಲ್ಲ. ಆದರೆ ಬರೆಯುವಾಗ ಕರೆಂಟ್ ಹೋದರೆ? ಬೇಸಿಗೆಯ ಮಧ್ಯಾಹ್ನ ನಮ್ಮ ಕಡೆ ಅದು ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ, ಯುಪಿಎಸ್ ಬ್ಯಾಟರಿಯನ್ನೇ ನಂಬಿ ಕೂರಲು ಆಗುವುದಿಲ್ಲ. ಹಳೆಯ ಫೈಲಿನ ಮೇಲೆಯೇ ಬರೆಯಲು ಹೋದರೆ, ತೆರೆದ ಕ್ಷಣವೇ ಹಳೆಯದು ಖಾಲಿಯಾಗಿರುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ.

ಸರಿಯಾದ ಕ್ರಮ ಇದು. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲ್ ತೆರೆಯಿರಿ. ಹೊಸ ಸೆಟಿಂಗ್ ಪೂರ್ತಿ ಬರೆಯಿರಿ. ಫ್ಲಶ್ ಮಾಡಿ. ಓಎಸ್ ಡಾಟ್ ಎಫ್‌ಸಿಂಕ್ ಕರೆದು ಡಿಸ್ಕಿಗೆ ಹೋಗುವಂತೆ ಮಾಡಿ. ಫೈಲ್ ಮುಚ್ಚಿ. ಆ ತಾತ್ಕಾಲಿಕ ಫೈಲನ್ನು ಹೆಜ್ಜೆ 3 ಮತ್ತು 4ರ ಅದೇ ಕೋಡಿನಿಂದ ಓದಿ ಪರೀಕ್ಷಿಸಿ. ಸರಿ ಇದ್ದರೆ ಓಎಸ್ ಡಾಟ್ ರಿಪ್ಲೇಸ್ ಬಳಸಿ ಹಳೆಯದರ ಜಾಗಕ್ಕೆ ತನ್ನಿ. ಹೀಗೆ ಮಾಡಿದರೆ ಓದುವವರಿಗೆ ಪೂರ್ತಿ ಹಳೆಯದು ಅಥವಾ ಪೂರ್ತಿ ಹೊಸದು ಸಿಗುತ್ತದೆ, ಅರೆಬರೆ ಸಿಗುವುದಿಲ್ಲ. ತಾತ್ಕಾಲಿಕ ಫೈಲ್ ಬೇರೆ ಡ್ರೈವಿನಲ್ಲಿದ್ದರೆ ಇದು ನಡೆಯುವುದಿಲ್ಲ, ಅದಕ್ಕೇ ಅದೇ ಫೋಲ್ಡರ್. ವಿಂಡೋಸ್‌ನಲ್ಲಿ ಆ ಕ್ಷಣಕ್ಕೆ ಬೇರೆ ಪ್ರೋಗ್ರಾಂ ಹಳೆಯ ಫೈಲನ್ನು ತೆರೆದಿಟ್ಟಿದ್ದರೆ ಅನುಮತಿ ದೋಷ ಬರಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುವಂತೆ ಬರೆಯಿರಿ.

ಕಾನ್ಫಿಗ್‌ಪಾರ್ಸರ್‌ನ ರೈಟ್ ಫಂಕ್ಷನ್ ಟಿಪ್ಪಣಿಗಳನ್ನು ಉಳಿಸುವುದಿಲ್ಲ. ಮುನೀಮರು ಬರೆದಿಟ್ಟ "ಗ್ರಾಂ ಲೆಕ್ಕದಲ್ಲಿ" ಅನ್ನುವ ಸಾಲು ಮಾಯವಾಗುತ್ತದೆ. ಹಾಗಾಗಿ ಒಂದು ತೀರ್ಮಾನ ಮಾಡಿ: ಫೈಲನ್ನು ಮನುಷ್ಯರು ತಿದ್ದುತ್ತಾರೋ, ಪ್ರೋಗ್ರಾಂ ತಿದ್ದುತ್ತದೋ? ಎರಡೂ ಬೇಕೆಂದರೆ ಎರಡು ಫೈಲ್ ಇಡಿ. ಮನುಷ್ಯರ ಫೈಲನ್ನು ಮೊದಲು ಓದಿ, ಅದರ ಮೇಲೆ ಪ್ರೋಗ್ರಾಂನ ಫೈಲ್ ಓದಿ. ಎರಡರಲ್ಲೂ ಇರುವ ಸೆಟಿಂಗ್‌ಗೆ ನಂತರ ಓದಿದ್ದೇ ಗೆಲ್ಲುತ್ತದೆ. ಯಾವ ಬೆಲೆ ಯಾವ ಫೈಲಿನಿಂದ ಬಂತು ಅಂತ ಸೆಟಿಂಗ್ ತೆರೆಯಲ್ಲೇ ತೋರಿಸಿ, ಇಲ್ಲದಿದ್ದರೆ ಮುನೀಮರು ತಿದ್ದಿದ್ದು ಯಾಕೆ ಹತ್ತಲಿಲ್ಲ ಅಂತ ಅವರಿಗೆ ಗೊತ್ತಾಗುವುದಿಲ್ಲ.

ಪ್ರತಿ ಯಶಸ್ವಿ ರೀಲೋಡ್ ಆದಮೇಲೆ ಆ ಫೈಲಿನ ಒಂದು ಪ್ರತಿಯನ್ನು "ಕೊನೆಯ ಸರಿಯಾದದ್ದು" ಅಂತ ಪಕ್ಕದಲ್ಲಿ ಇಡಿ. ಪ್ರೋಗ್ರಾಂ ಬೆಳಿಗ್ಗೆ ಶುರುವಾಗುವಾಗ ಫೈಲ್ ಕೆಟ್ಟಿದ್ದರೆ ಹಿಡಿದುಕೊಳ್ಳಲು ಹಳೆಯ ಸೆಟಿಂಗ್ ಮೆಮೊರಿಯಲ್ಲಿ ಇರುವುದಿಲ್ಲ, ಆಗ ಈ ಪ್ರತಿ ಬೇಕು. ಅದೂ ಇಲ್ಲದಿದ್ದರೆ ಶುರುವಾಗಲೇಬಾರದು, ಕಾರಣ ಹೇಳಿ ನಿಲ್ಲಬೇಕು. ದುಡ್ಡಿನ ಲೆಕ್ಕದಲ್ಲಿ ಕೋಡಿನೊಳಗಿನ ಡೀಫಾಲ್ಟ್ ಸಂಖ್ಯೆ ಹಿಡಿದು ಸದ್ದಿಲ್ಲದೆ ನಡೆಯುವುದು ತುಂಬಾ ಕೆಟ್ಟ ಅಭ್ಯಾಸ.

ಯಾವ ಸೆಟಿಂಗ್, ಎಷ್ಟಿತ್ತು, ಎಷ್ಟಾಯಿತು, ಯಾವಾಗ ಅಂತ ಲಾಗ್‌ನಲ್ಲಿ ಒಂದು ಸಾಲು ಬರೆಯುವುದನ್ನೂ ಬಿಡಬೇಡಿ.

ಹೆಜ್ಜೆ 8: ಓಡುವಾಗ ಬದಲಿಸಲಾಗದವು

ಕಾಟಾದ ಪೋರ್ಟ್ ಮತ್ತು ವೇಗ ಹಮಾಲಿಯ ಹಾಗಲ್ಲ. ಸಂಖ್ಯೆ ಬದಲಾದರೆ ಸಾಲದು, ತೆರೆದಿರುವ ಸೀರಿಯಲ್ ಪೋರ್ಟ್ ಮುಚ್ಚಿ ಹೊಸದನ್ನು ತೆರೆಯಬೇಕು. ಎರಡು ತೂಕದ ನಡುವೆ ಮಾತ್ರ ಇದನ್ನು ಮಾಡಬಹುದು. ಹೊಸದು ತೆರೆಯದಿದ್ದರೆ ಹಳೆಯದಕ್ಕೇ ಮರಳಬೇಕು. ಅಷ್ಟು ಬರೆಯುವ ತಾಳ್ಮೆ ಇಲ್ಲದಿದ್ದರೆ "ಈ ಬದಲಾವಣೆ ಪ್ರೋಗ್ರಾಂ ಮತ್ತೆ ಶುರು ಮಾಡಿದಾಗ ಹತ್ತುತ್ತದೆ" ಅಂತ ತೆರೆಯಲ್ಲಿ ಹೇಳಿದರೂ ಸಾಕು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡ ಹೀಗೇ: ಕೆಲವು ಸೆಟಿಂಗ್ ರೀಲೋಡ್‌ಗೆ ಹತ್ತುತ್ತವೆ, ಪೋರ್ಟ್ ಸಂಖ್ಯೆ ಮತ್ತು ಗರಿಷ್ಠ ಸಂಪರ್ಕಗಳ ಸಂಖ್ಯೆಯಂಥವಕ್ಕೆ ರೀಸ್ಟಾರ್ಟ್ ಬೇಕು, ಯಾವುದು ಕಾಯುತ್ತಿದೆ ಅಂತ ಅದು ತೋರಿಸುತ್ತದೆ.

ಎರಡು ಮೂರು ಕಂಪ್ಯೂಟರ್ ಇದ್ದರೆ

ಕಾಟಾದ ಹತ್ತಿರ ಒಂದು, ದುಡ್ಡಿನ ಗಲ್ಲೆಯ ಹತ್ತಿರ ಒಂದು ಕಂಪ್ಯೂಟರ್ ಇರುವ ಅಂಗಡಿಗಳಿವೆ. ಅಲ್ಲಿ ಬಿಲ್ಲಿನ ಸೆಟಿಂಗ್‌ಗಳನ್ನು ಸರ್ವರ್‌ನ ಡೇಟಾಬೇಸಿಗೆ ಒಯ್ಯಿರಿ. ಕಾಟಾದ ಪೋರ್ಟ್‌ನಂಥ ಆಯಾ ಯಂತ್ರದ ಸೆಟಿಂಗ್ ಮಾತ್ರ ಫೈಲಿನಲ್ಲಿ ಉಳಿಯಲಿ. ಎಸ್‌ಕ್ಯೂಲೈಟ್ ಫೈಲನ್ನು ಹಂಚಿಕೊಂಡ ಫೋಲ್ಡರಿನಲ್ಲಿ ಇಟ್ಟು ಎಲ್ಲರೂ ತೆರೆಯುವುದು ಬೇಡ, ನೆಟ್‌ವರ್ಕ್ ಮೇಲೆ ಅದರ ಲಾಕ್‌ಗಳನ್ನು ನಂಬಲು ಆಗುವುದಿಲ್ಲ.

ಟೇಬಲ್‌ನಲ್ಲಿ ಒಂದು ಆವೃತ್ತಿ ಸಂಖ್ಯೆ ಇರಲಿ. ಪ್ರತಿ ಕಂಪ್ಯೂಟರ್ ಆಗಾಗ ಆ ಸಂಖ್ಯೆಯನ್ನಷ್ಟೇ ಕೇಳುತ್ತದೆ, ಬದಲಾಗಿದ್ದರೆ ಮಾತ್ರ ಎಲ್ಲವನ್ನೂ ಓದುತ್ತದೆ. ಬರೆಯುವಾಗ "ನಾನು ಓದಿದಾಗ 41 ಇತ್ತು, ಈಗಲೂ 41 ಇದ್ದರೆ ಮಾತ್ರ ಬರೆದು 42 ಮಾಡು" ಅನ್ನುವ ಷರತ್ತು ಹಾಕಿ. ಸಾವಕಾರರು ಮತ್ತು ಮುನೀಮರು ಒಂದೇ ಹೊತ್ತಿಗೆ ತಿದ್ದಿದರೂ ಒಬ್ಬರದು ಇನ್ನೊಬ್ಬರದನ್ನು ಅಳಿಸುವುದಿಲ್ಲ.

ಡಾಟ್‌ನೆಟ್ ಬಳಸುವವರಿಗೆ

ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಆಪ್ ಡಾಟ್ ಕಾನ್ಫಿಗ್ ಇರುತ್ತದೆ. ಬಿಲ್ಡ್ ಮಾಡಿದಾಗ ಅದರ ಪ್ರತಿ ಎಕ್ಸ್ಇ ಫೈಲಿನ ಪಕ್ಕ, ಅದೇ ಹೆಸರಿನ ಕೊನೆಗೆ ಕಾನ್ಫಿಗ್ ಸೇರಿಸಿಕೊಂಡು ಕೂರುತ್ತದೆ. ಓಡುವಾಗ ತಿದ್ದಬೇಕಾದ್ದು ಆ ಪ್ರತಿಯನ್ನು, ಪ್ರಾಜೆಕ್ಟಿನೊಳಗಿನದನ್ನಲ್ಲ. ಕಾನ್ಫಿಗರೇಷನ್‌ಮ್ಯಾನೇಜರ್‌ನ ಓಪನ್‌ಎಕ್ಸ್ಇಕಾನ್ಫಿಗರೇಷನ್ ಕರೆದು, ಬೆಲೆ ಬದಲಿಸಿ, ಸೇವ್ ಮಾಡಿ, ಆಮೇಲೆ ರಿಫ್ರೆಶ್‌ಸೆಕ್ಷನ್ ಕರೆಯಿರಿ. ಆ ಕೊನೆಯ ಕರೆ ಬಿಟ್ಟರೆ ಡಿಸ್ಕಿನಲ್ಲಿ ಹೊಸದು ಇದ್ದರೂ ಮೆಮೊರಿಯಲ್ಲಿ ಹಳೆಯದೇ ಕಾಣುತ್ತದೆ.

ಹೊಸ ಡಾಟ್‌ನೆಟ್‌ನಲ್ಲಿ ಆಪ್‌ಸೆಟಿಂಗ್ಸ್ ಜೇಸನ್ ಫೈಲಿಗೆ ರೀಲೋಡ್‌ಆನ್‌ಚೇಂಜ್ ಕೊಟ್ಟರೆ ತಾನಾಗಿ ಮತ್ತೆ ಓದುತ್ತದೆ. ಆದರೆ ಐಆಪ್ಷನ್ಸ್ ಬಳಸಿದ ಕಡೆ ಮೊದಲ ಸಲ ಓದಿದ್ದೇ ಉಳಿಯುತ್ತದೆ. ಐಆಪ್ಷನ್ಸ್‌ಮಾನಿಟರ್ ಯಾವಾಗಲೂ ಈಗಿನದನ್ನು ಕೊಡುತ್ತದೆ. ಐಆಪ್ಷನ್ಸ್‌ಸ್ನ್ಯಾಪ್‌ಶಾಟ್ ಒಂದು ರಿಕ್ವೆಸ್ಟ್ ಮುಗಿಯುವವರೆಗೂ ಒಂದೇ ಬೆಲೆ ಕೊಡುತ್ತದೆ, ಹೆಜ್ಜೆ 5ರಲ್ಲಿ ನಾವು ಕೈಯಿಂದ ಮಾಡಿದ್ದೂ ಅದನ್ನೇ ಅಲ್ವಾ? ವೆಬ್ ಬಿಲ್ಲಿಂಗ್ ಬರೆಯುವವರಿಗೆ ಲೆಕ್ಕದ ಕೋಡಿನಲ್ಲಿ ಇದೇ ಸರಿ. ಬಿಲ್ ಹಲವು ರಿಕ್ವೆಸ್ಟ್‌ಗಳಲ್ಲಿ ತುಂಬುವುದಾದರೆ ಮಾತ್ರ ಬೆಲೆಗಳನ್ನು ಬಿಲ್ಲಿನಲ್ಲೇ ಬರೆದಿಡಬೇಕು.

ಅಂಗಡಿಗೆ ಒಯ್ಯುವ ಮೊದಲು

ನಿಮ್ಮ ಟೇಬಲ್ ಮೇಲೆಯೇ ಇವನ್ನು ಮಾಡಿ ನೋಡಿ. ಅರ್ಧ ಬಿಲ್ ತುಂಬಿ, ಹಮಾಲಿ ಬದಲಿಸಿ, ಬಿಲ್ ಮುಗಿಸಿ: ಹಳೆಯ ಹಮಾಲಿಯೇ ಬರಬೇಕು. ಮುಂದಿನ ಬಿಲ್ ತೆರೆಯಿರಿ: ಹೊಸದು ಬರಬೇಕು. ಫೈಲಿನಲ್ಲಿ "ಹನ್ನೆರಡು" ಅಂತ ಅಕ್ಷರದಲ್ಲಿ ಬರೆದು ಸೇವ್ ಮಾಡಿ: ಎಚ್ಚರಿಕೆ ಬರಬೇಕು, ಬಿಲ್ಲಿಂಗ್ ನಿಲ್ಲಬಾರದು. ಪ್ರೋಗ್ರಾಂ ಓಡುವಾಗ ಫೈಲ್ ಅಳಿಸಿ, ಬಿಓಎಂ ಸಹಿತ ಸೇವ್ ಮಾಡಿ, ಒಂದೇ ಸಾಲನ್ನು ಎರಡು ಸಲ ಬರೆಯಿರಿ. ಪ್ರೋಗ್ರಾಂ ಸೆಟಿಂಗ್ ಬರೆಯುತ್ತಿರುವಾಗಲೇ ಅದನ್ನು ಟಾಸ್ಕ್ ಮ್ಯಾನೇಜರ್‌ನಿಂದ ಕೊಲ್ಲಿ, ಹಲವು ಸಲ. ಆಮೇಲೆ ಫೈಲ್ ತೆರೆದು ನೋಡಿ: ಪೂರ್ತಿ ಹಳೆಯದು ಅಥವಾ ಪೂರ್ತಿ ಹೊಸದು ಇರಬೇಕು. ಇವೆಲ್ಲ ಆದಮೇಲೆ ಮುನೀಮರನ್ನು ಕೂರಿಸಿಕೊಂಡು ಅವರ ಕೈಯಿಂದಲೇ ಒಂದು ಸಲ ಸೆಟಿಂಗ್ ಬದಲಿಸಿ, ಬೇಕಂತಲೇ ಒಂದು ತಪ್ಪು ಮಾಡಿಸಿ. ಎಚ್ಚರಿಕೆಯ ಮಾತು ಅವರಿಗೆ ಓದಿದ ಕೂಡಲೇ ಅರ್ಥವಾಗದಿದ್ದರೆ ಆ ಸಾಲನ್ನು ಅವರು ಹೇಳಿದ ಹಾಗೆ ತಿದ್ದಿ ಬರೆಯಿರಿ.